ಅಲ್ಲಿ ಏನೂ ಇಲ್ಲ ಎಂದ ಎಲೀಸಿಯೊ

ಎಲೀಸಿಯೊ ಬಾರ್ರಾಗಾನ್ ಕಳೆದ ಗುರುವಾರ ತೀರಿಕೊಂಡ. ಹೃದಯ ನಿಂತಿತು, ಬೇರೆ ಕಾರಣವೇನೂ ಇರಲಿಲ್ಲ. ಶನಿವಾರ ಅವನನ್ನು ಇಗರ್ಜಿಯ ಹಿಂದಿನ ಕಲ್ಲುನೆಲದಲ್ಲಿ ಮಣ್ಣು ಮಾಡಿದೆವು. ಗುಂಡಿ ತೋಡಲು ನಮ್ಮೂರಿನಲ್ಲಿ ಜನರ ಕೊರತೆ ಎಂದೂ ಬಂದದ್ದಿಲ್ಲ, ಅರ್ಧ ಊರಿಗೆ ತೋಡುವುದೇ ಗೀಳು. ಅಂದು ಗುದ್ದಲಿ ಹಿಡಿದವನು ಅವನ ಗೆಳೆಯನೂ ಪ್ರತಿಸ್ಪರ್ಧಿಯೂ ಆಗಿದ್ದ ಆರ್ವಿಲ್ ಟೀಗ್. ರೈಲ್ವೆ ಕೆಲಸದಿಂದ ನಿವೃತ್ತನಾದ, ಕೆಂಪು ಮೂಗಿನ, ಒಳ್ಳೆಯ ಮನುಷ್ಯ. ಅಳುತ್ತ ಅಳುತ್ತಲೇ ಅವನು ಮೇಲೆ ಬಂದ ಕಲ್ಲುಗಳನ್ನು ಒಂದೊಂದಾಗಿ ಎಂಜಲು ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು, ಹೊಳಪೇನಾದರೂ ಇದೆಯೇ ಎಂದು ನೋಡಿ ಬದಿಗೆ ಎಸೆಯುತ್ತಿದ್ದ. ಎಲೀಸಿಯೊನ ತಂಗಿ ಚೊನೀತಾ ಮುಸುಕಿನೊಳಗಿಂದಲೇ ಹೇಳಿದಳು: "ನಮ್ಮಣ್ಣನ ಗುಂಡೀನೂ ಬಿಡಲ್ವೇನೋ, ಹಾಳಾದವನೇ?" ಪಾದ್ರಿಯೂ ಸೇರಿ ಎಲ್ಲರೂ ನಕ್ಕರು. ಸತ್ತವನು ಎದ್ದು ಕೂತಿದ್ದರೆ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ.

ಎಲೀಸಿಯೊನಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅವನ ನಡಿಗೆ. ನಾಲ್ಕು ಹೆಜ್ಜೆ ಮುಂದಿಡುವನು, ಕತ್ತು ಹೊರಳಿಸಿ ಹಿಂದೆ ನೋಡುವನು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಹಿಂದೆ. ಸಾಲ ಕೊಟ್ಟವನಿಗೆ ಹೆದರಿದವನೋ ಹೆಂಡತಿಗೆ ಹೆದರಿದವನೋ ಎಂದು ಹೊಸಬರು ಊಹಿಸುತ್ತಿದ್ದರು. ಅವನಿಗೆ ಸಾಲವೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಇದ್ದದ್ದು ಪಾದ್ರಿಗಳ ಗಣಿ.

ದೊರೆಯ ಆಜ್ಞೆಯಾಗಿ ಹಳೆಯ ಪಾದ್ರಿಗಳು ಈ ಮರುಭೂಮಿಯನ್ನು ಬಿಟ್ಟು ಹೊರಟಾಗ ತಮ್ಮ ಚಿನ್ನದ ಗಣಿಯ ಬಾಯಿಯನ್ನು ಕಲ್ಲಿನಿಂದ ಮುಚ್ಚಿ, ಮೇಲೆ ಪಾಪಾಸುಕಳ್ಳಿ ನೆಟ್ಟು ಹೋದರಂತೆ. ಕೊನೆಯ ಪಾದ್ರಿ ಹೇಳಿಹೋದ ಗುರುತು ಒಂದೇ: ಗಣಿಯ ಬಾಯಿಗೆ ಬೆನ್ನು ಕೊಟ್ಟು ನಿಂತರೆ ಎಸ್ಪಿನಾಸೊ ಬೆಟ್ಟದ ಎರಡು ಶಿಖರಗಳು ಹೇಸರಗತ್ತೆಯ ಕಿವಿಗಳಂತೆ ಸರಿಸಮವಾಗಿ ಕಾಣಬೇಕು. ನಮ್ಮೂರಿನ ದುರದೃಷ್ಟವೆಂದರೆ, ಎಲ್ಲಿ ನಿಂತು ನೋಡಿದರೂ ಒಂದು ಕಿವಿ ಎತ್ತರ, ಇನ್ನೊಂದು ಗಿಡ್ಡ. ಎರಡೂ ಸರಿಸಮವಾಗುವ ಆ ಒಂದು ಜಾಗಕ್ಕಾಗಿ ಎಲೀಸಿಯೊ ಹರೆಯದಿಂದಲೂ ಬೆಟ್ಟದ ದಾರಿಗಳಲ್ಲಿ ಹಿಂದೆ ನೋಡುತ್ತ ನಡೆದ. ಕ್ರಮೇಣ ಕತ್ತು ಆ ಪಾಠವನ್ನು ಬಾಯಿಪಾಠ ಮಾಡಿಕೊಂಡು ಊರ ಬೀದಿಯಲ್ಲೂ ಅದನ್ನೇ ಒಪ್ಪಿಸತೊಡಗಿತು. ಅವನು ವಿದ್ಯುತ್ ಕಂಬಗಳಿಗೆ ಡಿಕ್ಕಿ ಹೊಡೆದು ಕ್ಷಮೆ ಕೇಳಿದ್ದುಂಟು. ಕುದುರೆಗಳ ನೀರಿನ ತೊಟ್ಟಿಗೆ ಬಿದ್ದದ್ದುಂಟು. ತಂಗಿಯ ಮದುವೆಯಲ್ಲಿ ಅವಳ ಕೈ ಹಿಡಿದು ಇಗರ್ಜಿಯೊಳಗೆ ಕರೆತರುವಾಗಲೂ ಬಾಗಿಲಿನ ಕಡೆಗೆ ತಿರುತಿರುಗಿ ನೋಡಿದನಂತೆ; ಮದುಮಗ ಗಾಬರಿಯಾಗಿ, "ಭಾವ, ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳ್ಬಿಡಿ" ಎಂದನಂತೆ.

ಜೀವನಕ್ಕೆ ಅವನು ದನದ ಕಾವಲುಗಳಲ್ಲಿ ಗಾಳಿಯಂತ್ರದ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ. ಊಟಕ್ಕೆ ಸಾಲುವಷ್ಟು ದುಡಿದನೆಂದರೆ ಉಪಕರಣಗಳ ಚೀಲ ಗೋಡೆಗೆ, ಕೋಟು ಮೈಗೆ. ಆ ಕೋಟಿನ ಬಗ್ಗೆ ಹೇಳಲೇಬೇಕು. ಗೀರುಗೀರಿನ ಕಂದು ಬಟ್ಟೆಯದು. ನಮ್ಮಲ್ಲಿ ಹಲ್ಲಿಗಳೂ ನೆರಳು ಹುಡುಕುವ ತಿಂಗಳಿನಲ್ಲಿಯೂ ಅವನು ಅದನ್ನು ಕಳಚಿದವನಲ್ಲ. ಜೇಬುಗಳ ತುಂಬ ಮಾದರಿ ಕಲ್ಲುಗಳು. ಚೊನೀತಾ ಆ ಜೇಬುಗಳಿಗೆ ಡೇರೆಯ ಬಟ್ಟೆಯ ಅಸ್ತರಿ ಹೊಲಿದು ಹೊಲಿದು, ಕೊನೆಗೆ ಮೂಲ ಕೋಟು ಎಷ್ಟು, ಡೇರೆ ಎಷ್ಟು ಎಂದು ಹೇಳುವುದು ಕಷ್ಟವಾಗಿತ್ತು. ಅವನ ಹೇಸರಗತ್ತೆ ಮುದುಕಿ. ಅದನ್ನು ಅವನು ಬಹುವಚನದಲ್ಲೇ ಮಾತನಾಡಿಸುತ್ತಿದ್ದ. "ಬನ್ನಿ ತಾಯಿ, ಇನ್ನೊಂದೇ ಏರು" ಎಂದು ಅದಕ್ಕೆ ಹೇಳುವಾಗಿನ ವಿನಯ ಮನುಷ್ಯರ ಪಾಲಿಗೆ ಬರುತ್ತಿರಲಿಲ್ಲ. ಊರಿನ ಪುಸ್ತಕಾಲಯ ನೋಡಿಕೊಳ್ಳುವವನು ನಾನು. ಹಳೆಯ ಪಾದ್ರಿಗಳ ಬಗ್ಗೆ ಓದಲು ಬಂದು, ಮೇಜಿನ ಮೇಲೆ ಮರಳು ಸುರಿಸಿ, ಬೈಸಿಕೊಂಡು, ಹಾಗೆಯೇ ಸ್ನೇಹಿತನಾದವನು ಅವನು.

ಚೊನೀತಾಳ ಊಟದ ಮನೆಯಲ್ಲಿ ಗಣಿ ಹುಡುಕುವವರದೇ ಒಂದು ಉದ್ದನೆಯ ಮೇಜು, ಆ ಮೇಜಿಗೆ ಅದರದೇ ಒಂದು ಪದ್ಧತಿ. ಬೆಟ್ಟದಿಂದ ಇಳಿದು ಬಂದವನನ್ನು, ತಟ್ಟೆ ಮುಂದೆ ಬರುವ ಮೊದಲು, "ಎಲ್ಲಿಗೆ ಹೋಗಿದ್ದೆ?" ಎಂದು ಕೇಳಬೇಕು. ಅವನು ಸುಳ್ಳು ಹೇಳಬೇಕು. ಅದು ಮೋಸವಲ್ಲ, ಮರ್ಯಾದೆ. ಉತ್ತರಕ್ಕೆ ಹೋದವನು ದಕ್ಷಿಣವೆನ್ನುತ್ತಾನೆ, ಅಗೆದವನು ಮೊಲದ ಬೇಟೆ ಎನ್ನುತ್ತಾನೆ, ಕೇಳಿದವರು ತಲೆದೂಗುತ್ತಾರೆ, ಸುಳ್ಳು ಚೆನ್ನಾಗಿದ್ದರೆ ಒಂದು ತೋರ್ತಿಯಾ ರೊಟ್ಟಿ ಹೆಚ್ಚು ಸಿಗುತ್ತದೆ. ಆರ್ವಿಲ್ ಅಂತೂ ಒಮ್ಮೆ ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡು ಬಂದು, ತಾನು ಮೂರು ದಿನ ಹಕ್ಕಿಗಳ ಹಾಡು ಕೇಳುತ್ತ ಮಲಗಿದ್ದೆನೆಂದು ಹೇಳಿದ್ದು ಇಂದಿಗೂ ಆ ಮೇಜಿನ ಹೆಮ್ಮೆ.

ಈ ಮೇಜಿನಲ್ಲಿ ಕೂತು ಎಲೀಸಿಯೊ ನಿಜ ಹೇಳುತ್ತಿದ್ದ. "ಕೆಂಪು ಝರಿಯ ಮೇಲ್ಗಡೆ ಹೋಗಿದ್ದೆ. ಎರಡೂ ಮಗ್ಗುಲು ನೋಡ್ದೆ. ಅಲ್ಲಿ ಏನೂ ಇಲ್ಲ." ಇಷ್ಟೇ. ಪರಿಣಾಮ ಏನಾಗಬೇಕೋ ಅದೇ ಆಯಿತು. ಇಷ್ಟು ಸರಳವಾದ, ಇಷ್ಟು ನಿಸ್ಸಂಕೋಚವಾದ ಸುಳ್ಳನ್ನು ಆ ಮೇಜು ಎಂದೂ ಕೇಳಿರಲಿಲ್ಲ. ಮಾರನೆಯ ದಿನವೇ ಮೂರು ನಾಲ್ಕು ಹೇಸರಗತ್ತೆಗಳು ಬೇರೆ ಬೇರೆ ದಾರಿಗಳಿಂದ ಕೆಂಪು ಝರಿಯ ಮೇಲ್ಗಡೆ ಸೇರಿದವು. ಅವನು ಮುಚ್ಚಿ ಬಂದ ಗುಂಡಿಗಳನ್ನೆಲ್ಲ ಮತ್ತೆ ತೋಡಿದರು. ನಿಜ ಯಾಕೆ ಹೇಳುತ್ತೀ ಎಂದು ನಾನು ಒಮ್ಮೆ ಕೇಳಿದ್ದೆ. ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಲ್ಲಿಲ್ಲ ಅಂತ ಗೊತ್ತಾದ್ಮೇಲೆ ಇನ್ನೊಬ್ಬ ಯಾಕಪ್ಪ ಬೆವರು ಸುರಿಸ್ಬೇಕು?" ಎಂದ. ಅವನ ಆ ಕರುಣೆಯಿಂದ ನಮ್ಮೂರಿನಲ್ಲಿ ಸುರಿದಷ್ಟು ಬೆವರು ಬೇರೆ ಯಾವುದರಿಂದಲೂ ಸುರಿದಿಲ್ಲ.

ಒಂದು ವರ್ಷ ಆರ್ವಿಲ್ ಬೆಟ್ಟಕ್ಕೆ ಹೋದವನು ಹೇಳಿದ ದಿನಕ್ಕೆ ಬರಲಿಲ್ಲ. ದಕ್ಷಿಣದ ಏರಿಗೆ ಹೋಗುವೆನೆಂದು ಹೇಳಿದ್ದ, ಆದ್ದರಿಂದ ಅದೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಹುಡುಕಲು ಜನ ಗುಂಪು ಕಟ್ಟುತ್ತಿದ್ದರು. ಎಲೀಸಿಯೊ ಕೋಟು ತೊಟ್ಟು ಎದ್ದ. "ಕಾಡುಹಂದಿ ಕಣಿವೇಲಿ ಏನೂ ಇಲ್ಲ ಅಂತ ಭಾನುವಾರ ಅವನಿಗೆ ಹೇಳಿದ್ದೆ. ಅಲ್ಲೇ ಇರ್ತಾನೆ." ಅಲ್ಲೇ ಇದ್ದ. ಎಲೀಸಿಯೊನ ಹಳೆಯ ಗುಂಡಿಯನ್ನೇ ಇನ್ನಷ್ಟು ಆಳ ಮಾಡಿ, ಅದರೊಳಗೆ ಕಾಲು ಉಳುಕಿಸಿಕೊಂಡು ಕೂತಿದ್ದ. ಅಂಚಿನಲ್ಲಿ ಗೆಳೆಯನ ಮುಖ ಕಂಡೊಡನೆ ಸಿಟ್ಟಿನಿಂದ ಕೂಗಿದ:

"ನಿಜವಾಗ್ಲೂ ಏನೂ ಇಲ್ವಲ್ಲೋ ಇಲ್ಲಿ!"

"ಹೇಳಿದ್ನಲ್ಲ."

"ನೀನು ಹೇಳಿದ್ದಕ್ಕೇ ತಾನೇ ನಾನಿಲ್ಲಿಗೆ ಬಂದಿದ್ದು!"

ಹೇಸರಗತ್ತೆಯ ಮೇಲೆ ಅವನನ್ನು ಕೂರಿಸಿ ಇಳಿಸುವಾಗ ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರು. ಆ ಜಗಳದ ನಂತರವೂ ಆರ್ವಿಲ್ ಅವನ ಮಾತನ್ನು ನಂಬಲು ಕಲಿಯಲಿಲ್ಲ. ಒಂದು ಸಲ ನಿಜ ಹೇಳಿ ನಂಬಿಸಿ, ಮುಂದಿನ ಸಲ ಮುಳುಗಿಸುವ ಉಪಾಯವಿದು ಎಂದು ಅವನು ನನಗೆ ಗುಟ್ಟಾಗಿ ವಿವರಿಸಿದ.

ಹೀಗೆ ಒಂದೊಂದೇ ಕಣಿವೆಯನ್ನು "ಏನೂ ಇಲ್ಲ" ಎಂದು ಬಿಡುತ್ತ ಬಂದು, ಕೊನೆಗೆ ಎಲೀಸಿಯೊನ ಪಾಲಿಗೆ ಒಂದೇ ಒಂದು ಉಳಿಯಿತು. ಕುರುಡು ಕಣಿವೆ: ಒಂದೇ ಬಾಗಿಲು, ಕೊನೆಯಲ್ಲಿ ಬಂಡೆಯ ಗೋಡೆ. ಗಣಿ ಇದ್ದರೆ ಇನ್ನು ಅಲ್ಲಿಯೇ ಇರಬೇಕು. ಅವನು ಹೋಗಲಿಲ್ಲ. ಒಂದು ವರ್ಷ ಹೇಸರಗತ್ತೆಗೆ ಮೈ ಸರಿಯಿಲ್ಲವೆಂದ. ಇನ್ನೊಂದು ವರ್ಷ ಪಂಪುಗಳ ಕೆಲಸವೆಂದ. ಮಗದೊಂದು ವರ್ಷ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಕಾರಣ, ಏನನ್ನೂ ಹೇಳದೆ ಸುಮ್ಮನಿದ್ದ. ಅಲ್ಲಿಯೂ ಇಲ್ಲವೆಂದಾದರೆ ಮರುದಿನ ಬೆಳಿಗ್ಗೆ ಯಾತಕ್ಕಾಗಿ ಏಳಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈ ಸಲ ಚಳಿಗಾಲ ಮುಗಿಯುತ್ತಿದ್ದಂತೆ ವೈದ್ಯರು ಅವನ ಎದೆಗೆ ಕಿವಿಯಿಟ್ಟು ಕೇಳಿ, ಇನ್ನು ಬೆಟ್ಟ ಹತ್ತುವಂತಿಲ್ಲ ಎಂದರು. ಅಂದು ಸಂಜೆ ಚೊನೀತಾ ಬೀನ್ಸ್ ನುರಿಯುತ್ತಿದ್ದವಳು ಸೌಟು ಹಿಡಿದೇ ಅವನ ಮುಂದೆ ಬಂದು ನಿಂತಳು.

"ಅಣ್ಣ, ಒಂದೋ ಹೋಗಿ ನೋಡ್ಕೊಂಡು ಬಾ. ಇಲ್ಲಾಂದ್ರೆ ಆ ಕೋಟನ್ನ ಒಲೆಗೆ ಹಾಕ್ತೀನಿ."

"ವೈದ್ಯರು ಬೇಡ ಅಂದ್ರಲ್ಲೇ."

"ವೈದ್ಯರ ನೆಪ ಹೇಳ್ಬೇಡ. ನಿನಗೆ ಭಯ ಇರೋದು ಎದೇದಲ್ಲ, ಆ ಕಣಿವೇದು."

ಎಲೀಸಿಯೊ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ಮೇಜಿನ ತುದಿಯಲ್ಲಿದ್ದ ನನ್ನ ಕಡೆ ತಿರುಗಿ, "ಪುಸ್ತಕದವನೇ, ನಿನಗೆ ಬುಧವಾರ ರಜೆ ಸಿಗತ್ತಾ?" ಎಂದ.

ಬುಧವಾರ ನಾವಿಬ್ಬರೂ ಹೋದೆವು. ಅವನು ನಿಂತು ನಿಂತು ಹತ್ತಿದ. ನಿಂತಾಗಲೆಲ್ಲ ನನಗೆ ದಣಿವಾಯಿತೇ ಎಂದು ಕೇಳಿದ. ಕಣಿವೆಯೊಳಗೆ ಹಕ್ಕಿಯ ಸದ್ದೂ ಇರಲಿಲ್ಲ, ಒಂದು ತೊಟ್ಟು ನೀರೂ ಇರಲಿಲ್ಲ. ಕೊನೆಯ ಗೋಡೆಯ ಬಳಿ ಒಂದು ಜಗಲಿಯಂಥ ಬಂಡೆ. ಅದನ್ನು ಹತ್ತಿ, ಗೋಡೆಗೆ ಬೆನ್ನು ಕೊಟ್ಟು, ಟೋಪಿ ತೆಗೆದು, ಅವನು ನೋಡಿದ. ನಾನೂ ನೋಡಿದೆ. ಕಿವಿಗಳು ಸರಿಸಮವಾಗಿರುವುದಿರಲಿ, ಕಿವಿಗಳೇ ಕಾಣಲಿಲ್ಲ. ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಒಂದು ಚೂರು ಆಕಾಶವಿತ್ತು, ಅಷ್ಟೆ. ಅವನು ಆದರೂ ಸಂಜೆಯವರೆಗೆ ಗೋಡೆಯ ಬಂಡೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ಕೇಳಿದ. ಎಲ್ಲವೂ ಗಟ್ಟಿ ಕಲ್ಲಿನ ಸದ್ದನ್ನೇ ಕೊಟ್ಟವು. "ಆಯ್ತು" ಎಂದ. ಇಳಿಯುವಾಗ ನಾನು ಅವನ ಬೆನ್ನ ಹಿಂದೆಯೇ ಇದ್ದೆ. ದಾರಿಯುದ್ದಕ್ಕೂ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನ ಹೃದಯದ ವಿಷಯ ವೈದ್ಯರು ಹೇಳಿದಾಗಲೂ ಆಗದ ಭಯ ಆ ನೆಟ್ಟಗಿನ ಕತ್ತನ್ನು ನೋಡಿ ನನಗಾಯಿತು.

ಊಟದ ಮನೆಯ ಮೇಜು ತುಂಬಿತ್ತು. ಪದ್ಧತಿಯಂತೆ ಆರ್ವಿಲ್ ಕೇಳಿದ:

"ಎಲ್ಲಿಗೆ ಹೋಗಿದ್ದೆ?"

"ಕುರುಡು ಕಣಿವೆಗೆ."

ಚಮಚಗಳು ನಿಂತವು.

"ಹೂಂ. ಮತ್ತೆ?"

"ಅಲ್ಲಿ ಏನೂ ಇಲ್ಲ."

ಒಲೆಯ ಬಳಿ ಚೊನೀತಾ ಕಣ್ಣು ಮುಚ್ಚಿಕೊಂಡಳು, ಅವಳಿಗೆ ಅರ್ಥವಾಗಿತ್ತು. ಆರ್ವಿಲ್ ಮಾತ್ರ ಮೇಜು ಗುದ್ದಿ ಎದ್ದು ನಿಂತ.

"ಕೇಳಿದ್ರಾ! ಮುಖ ನೋಡ್ರೋ ಅವನದು, ಹೆಣದ ಮನೆಯಿಂದ ಬಂದವನ ಹಾಗೆ! ಎಷ್ಟು ದೊಡ್ಡದು ಸಿಕ್ಕಿದ್ರೆ ಇಷ್ಟು ಸಪ್ಪಗೆ ಹೇಳಕ್ಕಾಗತ್ತೆ!"

"ಲೇ ಆರ್ವಿಲ್, ದೇವರಾಣೆಗೂ ಇಲ್ಲ ಕಣೋ."

"ಆಣೆ ಬೇರೆ! ಇಷ್ಟು ವರ್ಷ ಒಂದು ಸಲವಾದ್ರೂ ಆಣೆ ಹಾಕಿದ್ನಾ ಇವನು?"

ಮೇಜೆಲ್ಲ ಗದ್ದಲವಾಯಿತು. ಕ್ಷೌರಿಕ ತಾಚೊ ಅರ್ಧ ಊಟ ಬಿಟ್ಟು ಟೋಪಿ ಎತ್ತಿಕೊಂಡ. "ನಾನು ಬರ್ತೀನಿ, ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ."

"ನಿನಗೆ ಹೆಂಡ್ತಿ ಎಲ್ಲಿಂದ ಬಂದಳೋ?" ಎಂದಳು ಚೊನೀತಾ. ಅಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಅವನ ಹಿಂದೆ ಇನ್ನೊಬ್ಬ ಎದ್ದ, ಹಲ್ಲುನೋವೆಂದು. ಎಲೀಸಿಯೊ ಒಬ್ಬೊಬ್ಬರನ್ನೇ ನೋಡಿದ. ತಾನು ಮುಗಿಸಿ ಬಂದದ್ದು ಇವರ ಕಣ್ಣುಗಳಲ್ಲಿ ಆಗಷ್ಟೇ ಶುರುವಾಗುತ್ತಿತ್ತು. ಮೊದಲು ಅವನ ಮೀಸೆ ಅಲುಗಿತು, ಆಮೇಲೆ ಭುಜ, ಆಮೇಲೆ ಜೇಬಿನ ಕಲ್ಲುಗಳೆಲ್ಲ ಗಲಗಲವೆನ್ನುವಂತೆ ಇಡೀ ಮನುಷ್ಯ ನಕ್ಕ. ಕಣ್ಣೊರೆಸಿಕೊಂಡು, ತಾಚೊ ಬಿಟ್ಟುಹೋದ ಮಚಾಕಾದ, ಆ ಒಣಮಾಂಸದ ಹುರಿಗಡುಬಿನ, ತಟ್ಟೆಯನ್ನೂ ತನ್ನ ಕಡೆಗೆ ಎಳೆದುಕೊಂಡ.

ಮನೆಯ ತನಕ ಅವನ ಜೊತೆ ನಡೆದೆ. "ಅವರೆಲ್ಲ ಹೋಗ್ತಾರೆ, ಅಲ್ವಾ?" ಎಂದು ಕೇಳಿದ.

"ಹೋಗದೆ ಇರ್ತಾರಾ?"

"ದಿನದಿನಕ್ಕೆ ಬಿಸಿಲು ಬೇರೆ ಏರ್ತಾ ಇದೆ" ಎಂದ, ಯೋಚಿಸುತ್ತ.

ಕಳೆದುಹೋದ ಗಣಿಗಳ ಬೆನ್ನು ಹತ್ತಿದವರನ್ನು ಜಗತ್ತು ಆಸೆಬುರುಕರೆಂದು ಕರೆಯುತ್ತದೆ. ಆಸೆ ಇಲ್ಲವೆಂದು ನಾನು ಹೇಳಲಾರೆ. ಆರ್ವಿಲ್‌ನ ಕಣ್ಣು ನೋಡಿದವರು ಯಾರೂ ಹೇಳಲಾರರು. ಆದರೆ ಅವರಲ್ಲಿ ಅಪರೂಪಕ್ಕೆ ಒಬ್ಬೊಬ್ಬರಿರುತ್ತಾರೆ. ಅವರು ಹುಡುಕುವುದು ತಮಗಾಗಿ ಎಂದೇ ಹೊರಡುತ್ತಾರೆ, ಆದರೆ ನಡೆದ ದಾರಿಯನ್ನು ಹಿಂದೆ ಬರುವವರಿಗಾಗಿ ಗುಡಿಸಿಡುವುದರಲ್ಲೇ ಅವರ ಆಯುಷ್ಯ ಕಳೆಯುತ್ತದೆ. ಹಿಂದೆ ಬರುವವರು ಅವರ ಮಾತನ್ನು ನಂಬುವುದಿಲ್ಲ. ಅದಕ್ಕೆ ಅವರು ಬೇಸರಪಡುವುದೂ ಇಲ್ಲ. ಇಂಥವರ ಕೈಗೆ ಚಿನ್ನ ಸಿಕ್ಕಿದ್ದನ್ನು ನಾನು ಓದಿಲ್ಲ, ಕೇಳಿಲ್ಲ. ಆದರೆ ಅವರಿಲ್ಲದ ಬೆಟ್ಟ ಬರಿಯ ಕಲ್ಲು.

ಗುರುವಾರ ಬೆಳಕು ಹರಿಯುವಾಗಲೇ ಕುರುಡು ಕಣಿವೆಗೆ ಹೋಗಿ ಎಲೀಸಿಯೊನ ಹೆಣವನ್ನು ಕಂಡವನು ಆರ್ವಿಲ್. ಮಿಕ್ಕವರಿಗಿಂತ ಮೊದಲು ಅಗೆಯಬೇಕೆಂದು ಹೋಗಿದ್ದ. ಎಲೀಸಿಯೊ ಅವನಿಗಿಂತಲೂ ಮೊದಲು ಬಂದಿದ್ದ. ಚೊನೀತಾಳ ಅಡುಗೆಮನೆಯ ಮಣ್ಣಿನ ಕೊಡಗಳಿಗೆಲ್ಲ ನೀರು ತುಂಬಿ, ಹೇಸರಗತ್ತೆಯ ಮೇಲೆ ಹೇರಿ ತಂದು, ದಾರಿಯ ಪಕ್ಕದಲ್ಲಿ, ಮಧ್ಯಾಹ್ನವೂ ನೆರಳಿರುವ ಕಡೆಗಳಲ್ಲಿ ಒಂದೊಂದಾಗಿ ಇಟ್ಟುಕೊಂಡು ಹೋಗಿದ್ದ. ಕೊನೆಯದನ್ನು ತಾನೇ ಹೆಗಲ ಮೇಲೆ ಹೊತ್ತು ಆ ಜಗಲಿ ಬಂಡೆಯನ್ನು ಹತ್ತಿದ್ದ. ಗೋಡೆಯನ್ನು ಅಗೆಯುವವನ ಬಲಗೈಗೆ ಎಟುಕುವಂತೆ ಅದನ್ನು ಕೂರಿಸಿ, ಅಲುಗದ ಹಾಗೆ ಬುಡಕ್ಕೆ ಮರಳು ಒತ್ತಿ, ಸುತ್ತಲೂ ಒದ್ದೆ ಗೋಣಿ ಸುತ್ತಿ, ಹುಳ ಬೀಳದಿರಲೆಂದು ಅದರ ಬಾಯಿಗೆ ಒಂದು ಚಪ್ಪಟೆ ಕಲ್ಲನ್ನು ಮುಚ್ಚಿದ್ದ.