ಚದುರಿಸಿಟ್ಟ ಪುಟಗಳು

“‘ಮ’ಕಾರದಾಗ ಇದೊಂದು ಉಳದದ ನೋಡು ಜುನೈದ, ಹಾಕಿಬಿಡು” ಎಂದು ಚೀಟಿಯೊಂದನ್ನು ಕೀಲಿಮಣೆಯ ಪಕ್ಕದಲ್ಲಿಟ್ಟ ಉತ್ತಮ.

ಬೀದರಿನ ನಯಾ ಕಮಾನಿನ ಹತ್ತಿರದ ಆ ಡಿಟಿಪಿ ಅಂಗಡಿಯಲ್ಲಿ ಬೆಳಗಿನಿಂದಲೂ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಇದ್ದಷ್ಟು ಹೊತ್ತಿನಲ್ಲೇ ಕೆಲಸ ಮುಗಿಸುವ ಅವಸರ ಜುನೈದನದು. ಚೀಟಿ ಓದಿದವನು ಕೈ ತಡೆದ. ‘ಮಾಸ್ತರರ ಹೆಂಡತಿ, ಭಾಲ್ಕಿ’ ಎಂದು ಮೇಲೆ ಬರೆದಿತ್ತು. ಅದರ ಕೆಳಗೆ ‘ಗಂಡನ ತಪಾಸಣೆ’, ‘ದೋಷ ತನ್ನದೆಂದು ಹೇಳಿದ್ದು’, ‘ತೊಟ್ಟಿಲ ದಿನ’ ಎಂಬ ಒಳಸಾಲುಗಳು, ಒಂದೊಂದರ ಮುಂದೆಯೂ ಪುಟಸಂಖ್ಯೆ.

“ಈಕಿಗಿ ಹೆಸರಿಲ್ಲೇನು ಉತ್ತಮಭಾಯ್?”

“ಇಲ್ಲ. ಅದಕ್ಕೇ ಹುಡುಕೂದು ಭಾಳ ತ್ರಾಸ ಆಯ್ತು. ಒಂದು ಮಾತು ಒಂದು ಅಧ್ಯಾಯದಾಗ, ಇನ್ನೊಂದು ಮತ್ತೊಂದ್ರಾಗ ಚೆಲ್ಲ್ಯಾರ. ಎಲ್ಲಾ ಹೆಕ್ಕಿ ಒಂದ್ಕಡಿ ಕೂಡ್ಸೀನಿ” ಎಂದ ಉತ್ತಮ. ದನಿಯಲ್ಲಿ ಸಣ್ಣದೊಂದು ಜಂಬವಿತ್ತು. ಅದಿಲ್ಲದಿದ್ದರೆ ಯಾವ ಮನುಷ್ಯ ತಾನೇ ಈ ಕೆಲಸ ಮಾಡಿಯಾನು?

ಉತ್ತಮ ಬೀದರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ನೌಕರ. ಸಂಶೋಧನೆಯ ಪುಸ್ತಕಗಳ ಕೊನೆಗೆ ಬರುವ ಪದಸೂಚಿ ಮಾಡಿಕೊಡುವುದು ಅವನಿಗೆ ಹತ್ತಿದ ಚಟ. ಓದುಗರು ಮುನ್ನುಡಿಯನ್ನೇ ಓದುವುದಿಲ್ಲ, ಇನ್ನು ಸೂಚಿ ಮಾಡಿದವನನ್ನು ಕೇಳುವವರು ಯಾರು? ಆದರೂ ಅವನ ಕೈಗೆ ಬಾರದ ಶಾಸ್ತ್ರವಿರಲಿಲ್ಲ. ಸಸ್ಯಶಾಸ್ತ್ರದವರಿಗೆ ಒಂದೇ ಹುಲ್ಲಿನ ಲ್ಯಾಟಿನ್ ಹೆಸರೂ ಬೇಕು, ಔರಾದಿನವರು ಕರೆಯುವ ಹೆಸರೂ ಬೇಕು, ಭಾಲ್ಕಿಯವರು ಕರೆಯುವ ಹೆಸರೂ ಬೇಕು. ವೈದ್ಯರಿಗೆ ರೋಗ ಸಿಕ್ಕರೆ ಸಾಕು, ರೋಗಿಯ ಗೊಡವೆ ಇಲ್ಲ. ಇತಿಹಾಸದವರ ಆಸೆಗಂತೂ ಮಿತಿಯಿಲ್ಲ, ಸುಲ್ತಾನನ ಕುದುರೆಗೆ ಹೆಸರಿದ್ದರೆ ಅದನ್ನೂ ಹಾಕು ಎನ್ನುತ್ತಾರೆ. ಶಾಸನದಲ್ಲಿ ದಾನ ಕೊಟ್ಟವಳ ಹೆಸರು ಅಳಿಸಿಹೋಗಿದ್ದರೆ ಅವಳ ದಾನ, ಅವಳ ಊರು, ಅವಳ ಗಂಡನ ಪದವಿ ಹಿಡಿದು, ಎಲ್ಲೆಲ್ಲೋ ಬಿದ್ದ ಮಾತುಗಳನ್ನು ಒಂದೇ ನಮೂದಿನಡಿ ತರಬೇಕು. ಉತ್ತಮ ಮೊದಲು ಕಲಿತದ್ದು ಈ ಇತಿಹಾಸದವರ ಪದ್ಧತಿಯನ್ನೇ. ಅದು ಕೈಗೆ ಕೂತುಬಿಟ್ಟಿತ್ತು.

ಈಗ ಮುಂದಿದ್ದ ಪುಸ್ತಕ ಕಲಬುರಗಿಯ ಸುಜಾತಾ ಮೇಡಂ ಬರೆದದ್ದು. ಮಕ್ಕಳಾಗದ ಹೆಂಗಸರ ಬದುಕಿನ ಅಧ್ಯಯನ. ಭಾಲ್ಕಿ, ಔರಾದ ಕಡೆಯ ಊರೂರು ಸುತ್ತಿ ಹೆಂಗಸರ ಮುಂದೆ ಕೂತು ಕೇಳಿ ಬರೆದುಕೊಂಡ ಮಾತುಗಳು. ಒಬ್ಬರ ಹೆಸರೂ ಇರಲಿಲ್ಲ. ಅದೂ ಶಿಲೆಯ ಮೇಲೆ ಸವೆದುಹೋದ ಹೆಸರಿನ ಹಾಗೆಯೇ ಎಂದುಕೊಂಡು ಉತ್ತಮ ಹುರುಪಿನಿಂದ ಹೆಕ್ಕಲು ಕೂತಿದ್ದ.

ಸೂಚಿ ಮಾಡುವವನು ಪುಟ ಓದುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಪದ ಆರಿಸುತ್ತಾನೆ, ಅಷ್ಟೆ. ಓದುವುದು ಕೊನೆಯಲ್ಲಿ, ತಾಳೆ ನೋಡುವಾಗ. ಜುನೈದ ಸಾಲು ಹಾಕಿದ ಮೇಲೆ ಉತ್ತಮ ಪೆನ್ಸಿಲು ಹಿಡಿದು, ತಾನೇ ಕೊಟ್ಟ ಸಂಖ್ಯೆಗಳ ಜಾಡಿನಲ್ಲಿ ಕರಡು ಪ್ರತಿಯನ್ನು ತೆರೆದ.

ಮೊದಲ ಪುಟದಲ್ಲಿ ಗಂಡಹೆಂಡತಿ ಹೈದರಾಬಾದಿಗೆ ಹೋಗಿದ್ದರು. ಕೊರತೆ ಇರುವುದು ಗಂಡನಲ್ಲಿ ಎಂದು ಡಾಕ್ಟರು ಹೇಳಿದ್ದರು. ಬರುವಾಗ ಬಸ್ಸಿನಲ್ಲಿ ಆತ ಕಿಟಕಿಯ ಕಡೆ ಮುಖ ಮಾಡಿ ಅತ್ತಿದ್ದ. ಎರಡನೆಯ ಪುಟದಲ್ಲಿ ಆ ಹೆಂಗಸು ಮನೆಗೆ ಬಂದವಳೇ, ಕೊರತೆ ತನ್ನದೇ ಎಂದು ಅತ್ತೆಗೂ ತವರಿಗೂ ಹೇಳಿಬಿಟ್ಟಿದ್ದಳು. ‘ಸಾಲಿ ಹುಡುಗರ ಮುಂದ ಅವ್ರು ತಲಿ ಎತ್ತಿ ನಿಲ್ಲಬೇಕಲ್ರಿ’ ಎಂದಿದ್ದಳು. ಮೂರನೆಯ ಪುಟದಲ್ಲಿ ಬೀದರಿನ ತವರುಮನೆ. ತಮ್ಮನ ಕೂಸಿಗೆ ಹೆಸರಿಡುವ ದಿನ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯಾದ ಈಕೆ. ಹೆಸರನ್ನು ಆರಿಸಿದವಳೂ ಈಕೆಯೇ. ಆದರೆ ಈಕೆಯನ್ನು ಹೆತ್ತ ತಾಯಿಯೇ ಇವಳನ್ನು ಚಾ ಕಾಸಲು ಒಳಗೆ ಕಳಿಸಿ, ದೂರದ ಸಂಬಂಧಿಯೊಬ್ಬಳನ್ನು ತೊಟ್ಟಿಲ ಮುಂದೆ ಕೂಡಿಸಿದಳು. ತಾನು ಆರಿಸಿದ ಹೆಸರು ಇನ್ನೊಬ್ಬಳ ದನಿಯಲ್ಲಿ ಬಂದದ್ದನ್ನು ಈಕೆ ಒಲೆಯ ಮುಂದೆ ನಿಂತು ಕೇಳಿಸಿಕೊಂಡಳು.

ಪೆನ್ಸಿಲು ನಿಂತಿತು. ಆ ಕೂಸು ಉತ್ತಮನ ಮಗಳು ಸಪನಾ. ಒಲೆಯ ಮುಂದೆ ನಿಂತವಳು ಅವನ ಅಕ್ಕ ಮಹಾಮಾಯಾ. ಭಾಲ್ಕಿಯ ಮಾಸ್ತರು ಎಂದರೆ ಅಕ್ಕನ ಗಂಡ, ಮಾಮಾ ಗೋರಖನಾಥ, ಮದುವೆಮುಂಜಿ ಯಾವುದಿದ್ದರೂ ಊರವರು ಮೊದಲು ಕೂಡಿಸುವ ಮನುಷ್ಯ.

ಆ ದಿನ ಉತ್ತಮನ ಕಣ್ಣ ಮುಂದೆ ಬಂದು ನಿಂತಿತು. ಬೌದ್ಧ ವಿಹಾರದಿಂದ ಭಂತೇಜಿ ಬಂದು ತ್ರಿಶರಣ ಹೇಳಿಸಿ ಹೋಗಿದ್ದರು. ಹಳೆಯ ದೇವರುಗಳನ್ನೆಲ್ಲ ಅಪ್ಪನ ಕಾಲದಲ್ಲೇ ಮನೆಯಿಂದ ಕಳಿಸಿಕೊಟ್ಟ ಕುಟುಂಬ ಅದು. ಆದರೆ ಬಂಜೆಯ ಬಾಯಿಗೆ ಹೆದರುವುದನ್ನು ಮಾತ್ರ ಕಳಿಸಿರಲಿಲ್ಲ. “ಆಕಿ ಬಾಯಿಲೆ ಬ್ಯಾಡ” ಎಂದು ಅವ್ವ ಕೌಸಲ್ಯಾಬಾಯಿ ಹೇಳಿದ್ದು ಪೇಢೆ ಹಂಚುತ್ತಿದ್ದ ಉತ್ತಮನಿಗೆ ಚೆನ್ನಾಗಿ ಕೇಳಿಸಿತ್ತು. ಹೆಂಗಸರ ವ್ಯವಹಾರ, ನನಗೇಕೆ ಎಂದುಕೊಂಡು ಅವನು ಮುಂದಿನವರಿಗೆ ಪೇಢೆ ಕೊಟ್ಟಿದ್ದ. ಮುಂದಿನ ಹಾಳೆ ತಿರುವಲು ಈಗ ಅವನಿಗೆ ಕೈ ಬರಲಿಲ್ಲ.

ಹೊರಗೆ ಹೋಗಿ ಸುಜಾತಾ ಮೇಡಂಗೆ ಫೋನು ಹಚ್ಚಿದ. ತಾನು ಮಾಡಿದ ನಮೂದನ್ನು ಓದಿ ಹೇಳಿದ.

“ಅಯ್ಯೋ, ಹಂಗ ಮಾಡಬ್ಯಾಡ್ರಿ! ಯಾರೂ ಕೂಡ್ಸಬಾರದಂತ್ಲೇ ನಾ ಒಬ್ಬೊಬ್ಬರ ಮಾತು ಬ್ಯಾರೆ ಬ್ಯಾರೆ ಕಡಿ ಹಂಚೀನಿ. ಆ ಹೆಣ್ಮಗಳು ಕೈ ಹಿಡ್ದು ಆಣಿ ಮಾಡ್ಸಿಕೊಂಡಾಳ್ರಿ. ಆಕಿ ಗಂಡನ ಮಾನದ ಪ್ರಶ್ನಿ ಅದ.”

ಬೀದರಿನ ತವರು, ಮಾಸ್ತರ ಗಂಡ, ಮಕ್ಕಳಿಲ್ಲದ ಮನೆ. ಈ ಸೂಚಿಯೊಂದು ಅಚ್ಚಾಗಿಬಿಟ್ಟರೆ ಭಾಲ್ಕಿಯಲ್ಲಿ ಯಾರು ಬೇಕಾದರೂ ಬೆರಳು ಮಾಡಿ ತೋರಿಸಬಹುದಿತ್ತು. ಅಕ್ಕ ಇಷ್ಟು ವರ್ಷ ಮೈಮೇಲೆ ಹೊತ್ತುಕೊಂಡು ಕಾಯ್ದದ್ದನ್ನು ತಮ್ಮ ಒಂದೇ ಚೀಟಿಯಲ್ಲಿ ಬಯಲಿಗೆ ಎಳೆಯುವುದರಲ್ಲಿದ್ದ. ಒಳಗೆ ಬಂದು, “ಆ ಸಾಲು ತಗದುಬಿಡು ಜುನೈದ. ಅಷ್ಟೂ ತಗಿ” ಎಂದ.

“ಇಷ್ಟು ತ್ರಾಸ ತೊಗೊಂಡು ಮಾಡೀರಿ, ಮತ್ತ ಯಾಕ?”

“ತಪ್ಪಾಗ್ಯಾದ.”

ಜುನೈದ ಅಳಿಸಿದ. ಕೆಳಗಿನ ಸಾಲುಗಳು ಮೇಲೇರಿ ತೆರಪು ಮುಚ್ಚಿಕೊಂಡವು. ಅಲ್ಲಿಗೆ ಕೆಲಸ ಮುಗಿದ ಹಾಗೆಯೇ. ಆದರೆ ಉತ್ತಮನಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ, ಮನೆಗೆ ಹೋಗಿ ಅವ್ವನ ಮುಖ ನೋಡುವ ಮನಸ್ಸೂ ಆಗಲಿಲ್ಲ. ಕರಡು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಭಾಲ್ಕಿ ಬಸ್ಸು ಹತ್ತಿದ.

ಮಹಾಮಾಯಾ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹೇಳದೆ ಕೇಳದೆ ಬಂದ ತಮ್ಮನನ್ನು ಕಂಡು ಗಾಬರಿಯಾದಳು.

“ಅವ್ವ ಆರಾಮ ಅದಾಳಿಲ್ಲೋ?”

“ಆರಾಮ ಅದಾಳ. ಮಾಮಾ?”

“ಸಾಲಿಗಿ ಹೋಗ್ಯಾರ, ಬರೋ ಹೊತ್ತಾಯ್ತು. ಕೂಡು, ಚಾ ಇಡ್ತೀನಿ.”

“ಚಾ ಬ್ಯಾಡ ಅಕ್ಕಾ. ನೀ ಕೂಡು.”

ಹೇಗೆ ಶುರು ಮಾಡಬೇಕೋ ತಿಳಿಯದೆ ಅವನು ಚೀಲದಿಂದ ಹಾಳೆಗಳನ್ನು ತೆಗೆದ. ಮೇಲಿನ ಹಾಳೆಯಲ್ಲಿ ಸುಜಾತಾ ಅವರ ಹೆಸರು ಕಂಡದ್ದೇ ಮಹಾಮಾಯಾಳ ಕೈ ಬೇಳೆಯಲ್ಲೇ ನಿಂತಿತು.

“ಹೆಸರು ಹಾಕಲ್ಲಂದಿದ್ರಲ್ಲ ಅವ್ರು?”

“ಹಾಕಿಲ್ಲ. ತಪ್ಪು ನಂದೇ ಅದ. ಪುಸ್ತಕದ ಹಿಂದಿನ ಸೂಚಿ ನಾನೇ ಮಾಡ್ಲತ್ತಿದ್ದೆ. ಯಾರಂತ ಗೊತ್ತಿಲ್ದೆ ನಿನ್ನ ಮಾತೆಲ್ಲಾ ಒಂದ್ಕಡಿ ಕೂಡ್ಸಿಬಿಟ್ಟಿದ್ದೆ. ಈಗ ಅಳಿಸೀನಿ. ಇನ್ನ ಯಾರು ಹುಡುಕಿದ್ರೂ ಸಿಗಲ್ಲ.”

ಮಹಾಮಾಯಾ ಮತ್ತೆ ಬೇಳೆಯಲ್ಲಿ ಕೈ ಆಡಿಸತೊಡಗಿದಳು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾ ಹೋದ.

“ಛಲೋ ಆಯ್ತು” ಎಂದಳು ಕೊನೆಗೆ. “ನಿಮ್ಮ ಮಾಮಾಗ ತಿಳದ್ರ ಊರು ಬಿಡ್ತಿದ್ರು. ಅವ್ವಗ ಏನರ ಅಂದ್ಯಾ?”

“ಇಲ್ಲ. ಆದ್ರ ಅವ್ವಗ ಗೊತ್ತಾಗಬೇಕಕ್ಕಾ. ಇಷ್ಟು ವರ್ಷ ನಿನಗ ಆಕಿ ಏನೆಲ್ಲಾ…”

“ಬ್ಯಾಡ. ಆಕಿ ಮುದಕಿ ಆಗ್ಯಾಳ. ಈಗ ತಿಳದು ಏನು ಮಾಡ್ತಾಳ? ಅಳ್ತಾಳ, ಆಮ್ಯಾಲ ನಾಲ್ಕು ಮಂದಿ ಮುಂದ ಹೇಳ್ತಾಳ.”

ಅದೂ ಖರೆಯೇ. ಉತ್ತಮನ ಕಣ್ಣು ಹಾಳೆಗಳ ಕಡೆ ಹೋಯಿತು. “ಮತ್ತ ಆ ಮೇಡಂ ಮುಂದ ಹ್ಯಾಂಗ ಹೇಳ್ದಿ?”

“ಕೇಳಿದ್ರು” ಎಂದಳು ಮಹಾಮಾಯಾ. “ಅದಕ್ಕ ಮೊದಲು ಯಾರೂ ಕೇಳಿರ್ಲಿಲ್ಲ. ಎಲ್ಲಾರೂ ಔಷಧ ಹೇಳಿದ್ರು, ಒಬ್ಬರರ ಕೇಳಬೇಕಲ್ಲ.” ಬೇಳೆಯೊಳಗಿನ ಹರಳೊಂದನ್ನು ತೆಗೆದು ಅಂಗಳಕ್ಕೆ ಎಸೆದಳು. “ನಿಮ್ಮ ಮಾಮಾ ಬರೋ ತನಕ ಓದು ನೋಡೂಣು, ಏನು ಬರ್ದಾರ.”

“ನಾನಾ? ನಿನ್ನ ಚಷ್ಮಾ ಇಲ್ಲೇ ಅದಲ್ಲ.”

“ನಾ ಓದಿದ್ರ ನನಗ ನಾನೇ ಹೇಳ್ಕೊಂಡ್ಹಾಂಗ ಆಗ್ತದ. ನೀ ಓದು. ಕೇಳ್ತೀನಿ.”

ಅವನು ಓದಿದ. ಹೈದರಾಬಾದಿನ ಆಸ್ಪತ್ರೆಯನ್ನು ಓದಿದ, ಬಸ್ಸಿನ ಕಿಟಕಿಯನ್ನು ಓದಿದ. ಅವಳು ಅಲ್ಲಲ್ಲಿ ಹೂಂಗುಟ್ಟಿದಳು. ಗಂಡ ಅತ್ತದ್ದು ಬಂದಾಗ, “ಇದು ಬರೀಬಾರದಿತ್ತು” ಎಂದಳು, ಅಷ್ಟೆ. ತೊಟ್ಟಿಲ ದಿನಕ್ಕೆ ಬರುವ ಹೊತ್ತಿಗೆ ಉತ್ತಮನ ದನಿ ಇಳಿದಿತ್ತು. ಅಂಗಡಿಯಲ್ಲಿ ತಿರುವದೆ ಬಿಟ್ಟಿದ್ದ ಹಾಳೆಯ ಕೊನೆಯ ಸಾಲು ಮುಗಿಯಿತು. ಅವನು ತಿರುವಿದ.

“‘ಆಕೆಯ ತಮ್ಮ ಆ ದಿನ ಊರಲ್ಲಿರಲಿಲ್ಲ…’”

ಉತ್ತಮ ನಿಲ್ಲಿಸಿದ. ಮಹಾಮಾಯಾ ಮೊರದಿಂದ ತಲೆ ಎತ್ತಲಿಲ್ಲ.

“ಯಾಕ ನಿಂತಿ? ಮುಂದ ಓದು.”

“‘ಅವನಿದ್ದಿದ್ದರೆ ತನ್ನನ್ನು ಕೈಹಿಡಿದು ತೊಟ್ಟಿಲ ಮುಂದೆ ಕೂಡಿಸುತ್ತಿದ್ದ ಎಂದು ಆಕೆ ಹೇಳಿದರು.’”

ಹೊರಗೆ ಮೋಟಾರ್‌ಸೈಕಲ್ ಬಂದು ನಿಂತ ಸದ್ದಾಯಿತು. ಮಹಾಮಾಯಾ ಮೊರ ಕೆಳಗಿಟ್ಟು ಎದ್ದಳು. ತಮ್ಮನ ತೊಡೆಯ ಮೇಲಿದ್ದ ಹಾಳೆಗಳನ್ನು ತಾನೇ ಸರಿಯಾಗಿ ಜೋಡಿಸಿ, ಅವನ ಚೀಲದೊಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಾಗಿಲು ತೆರೆಯಲು ಹೋದಳು.