ಎರಡು, ಎರಡು, ನಾಲ್ಕು, ಒಂದು

ಒಂದೇ ಕಾರು ಒಂದೇ ತಿಂಗಳಲ್ಲಿ ಮೂರನೇ ಸಲ ಷೆಡ್ಡಿನೊಳಗೆ ಬಂದಾಗ ಮೆಕ್ಯಾನಿಕ್ ತಿಯೊದುಲೋ ಕಣ್ಣಿಗೆ ಬೀಳದಂತೆ ಲಾರಿಯೊಂದರ ಕೆಳಗೆ ತೂರಿಕೊಂಡ. ಉಪಯೋಗವಾಗಲಿಲ್ಲ.

"ದುಲೋ, ಚಪ್ಪಲಿ ಕಾಣ್ತಿದೆ. ಹೊರಗೆ ಬಾ."

ಬೆನಿಲ್ದಾ ಟೀಚರ್. ನಾಲ್ಕನೇ ಕ್ಲಾಸಿನಲ್ಲಿ ಅವನಿಗೆ ಲೆಕ್ಕ ಹೇಳಿಕೊಟ್ಟವರು, ಅದೇ ಲೆಕ್ಕದಲ್ಲಿ ನಪಾಸು ಮಾಡಿ ಇನ್ನೊಂದು ವರ್ಷ ಕೂರಿಸಿದವರು. ಈಗ ಅವರಿಗೆ ಎಪ್ಪತ್ತೆರಡು, ಅವನಿಗೆ ಐವತ್ತೆಂಟು. ಸಾನ್ ಪಾಬ್ಲೋ ಊರೆಲ್ಲ ಅವನನ್ನು ಮಾಂಗ್ ದುಲೋ ಎಂದು ಗೌರವದಿಂದ ಕರೆದರೂ ಅವರ ಬಾಯಲ್ಲಿ ಅವನು ಇನ್ನೂ ಬರೀ ದುಲೋ.

ಅವರ ಮೂವತ್ತು ವರ್ಷದ ಕಾರು ಕಪ್ಪು ಹೊಗೆ ಉಗುಳುತ್ತಿತ್ತು, ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಸ್ಟಿಯರಿಂಗ್ ಹಿಂದಿನ ಹಳದಿ ದೀಪ ಆರುತ್ತಲೇ ಇರಲಿಲ್ಲ.

"ನನ್ನ ಗಾಡಿ ಬಂದ್ರೆ ಮೀನು ಮಾರೋಳು ಬುಟ್ಟಿ ಮುಚ್ಕೋತಾಳೆ ಕಣೋ. ಹಸಿ ಮೀನು ಹೊಗೆ ಹಾಕಿದ ಮೀನಾಗತ್ತೆ ಅಂತಾಳೆ."

"ದೀಪ ಹೇಳಿದ್ದನ್ನೇ ಮಾಡಿದೀನಿ ಟೀಚರ್. ಎರಡೆರಡು ಸಲ ಓದಿದೆ."

"ಓದಿದೆಯಾ? ನೀನಾ?"

ದುಲೋ ತಲೆ ಕೆರೆದುಕೊಂಡ.

"ಭಾನುವಾರ ಆತೆ ಸೋರಿಂಗ್ ಬರ್ತಿದಾಳೆ. ಬತಾಂಗಾಸ್ ಬಂದರಿಗೆ ಇದೇ ಗಾಡೀಲಿ ಹೋಗ್ಬೇಕು," ಎಂದರು ಟೀಚರ್. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಆತೆ ಎಂದರೆ ಅಕ್ಕ. ಸೋರಿಂಗ್ ಟೀಚರ್‌ಗೆ ಸ್ವಂತ ಅಕ್ಕ, ಮಿಂದೋರೋ ದ್ವೀಪದಲ್ಲಿರುವವಳು. ತಮ್ಮ ತೀರಿಕೊಂಡಾಗ ಅವನ ಈ ಕಾರು ಯಾರಿಗೆ ಎಂಬ ಮಾತಿಗೆ ಅಕ್ಕತಂಗಿಯರು ಕಿತ್ತಾಡಿದ್ದರು. ಒಂದೇ ವರ್ಷದಲ್ಲಿ ಇದನ್ನು ಗುಜರಿಗೆ ಹಾಕ್ತೀಯ ಎಂದು ಅಕ್ಕ ಹೇಳಿ ಹೋದವಳು ಒಂಬತ್ತು ವರ್ಷ ಮಾತಾಡಿರಲಿಲ್ಲ. ಈಗ ತಾನಾಗಿಯೇ ಬರುತ್ತೇನೆ ಎಂದಿದ್ದಾಳೆ. ಊರಿಗೆಲ್ಲ ಗೊತ್ತಿದ್ದ ಕತೆ ಇದು.

"ನನ್ನೆದುರಿಗೇ ಓದು," ಎಂದು ಟೀಚರ್ ಡ್ರೈವರ್ ಸೀಟಿನಲ್ಲಿ ಕೂತರು.

ದೋಷ ಓದಲು ಹೊಸ ಕಾರುಗಳಿಗೆ ಚುಚ್ಚುವ ಯಂತ್ರ ಇಷ್ಟು ಹಳೆಯದಕ್ಕೆ ಕೂರುವುದಿಲ್ಲ. ಎಂಜಿನ್ ಪಕ್ಕದ ಸಣ್ಣ ಡಬ್ಬಿಯ ಮುಚ್ಚಳ ತೆಗೆದು, ಎರಡು ತೂತಿಗೆ ತುಂಡು ತಂತಿ ಸಿಕ್ಕಿಸಿ, ಬೀಗದ ಕೈ ತಿರುಗಿಸಿದರೆ ಆ ಹಳದಿ ದೀಪವೇ ಮಿಟುಕಿ ಅಂಕಿ ಹೇಳುತ್ತದೆ. ಯಾವ ಅಂಕಿಗೆ ಯಾವ ದೋಷ ಎಂಬ ಪಟ್ಟಿ ದುಲೋನ ಬೀರುವಿನ ಬಾಗಿಲಿಗೆ ಅಂಟಿತ್ತು.

ಅವನು ತಂತಿ ಸಿಕ್ಕಿಸಿ ಓಡಿ ಬಂದು ಕಿಟಕಿಯೊಳಗೆ ತಲೆ ತೂರಿಸಿದ. "ನೋಡಿ, ಎರಡು... ನಾಲ್ಕು. ಒಂದು... ಎರಡು. ಇಪ್ಪತ್ನಾಲ್ಕು, ಹನ್ನೆರಡು. ಗಾಳಿ ಸೆನ್ಸರು, ಡಿಸ್ಟ್ರಿಬ್ಯೂಟರು. ಎರಡೂ ಹೊಸದು ಹಾಕಿದೀನಿ."

ಟೀಚರ್ ಬೆರಳಿನಿಂದ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಾ ದೀಪವನ್ನೇ ನೋಡಿದರು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು.

"ನೀನು ಎಲ್ಲಿಂದ ಶುರು ಮಾಡಿದೆ?"

"ಎಲ್ಲಿಂದ ಅಂದ್ರೆ? ತಂತಿ ಹಾಕಿ ಬರೋ ಹೊತ್ತಿಗೆ ಎಲ್ಲಿತ್ತೋ ಅಲ್ಲಿಂದ."

"ಅಂದ್ರೆ ಕ್ಲಾಸಿಗೆ ತಡವಾಗಿ ಬಂದೆ." ಅವರು ಅವನ ಕಿವಿಯ ಹತ್ತಿರ ತಾಳ ಹಾಕಿ ತೋರಿಸಿದರು. "ಕೇಳು. ಎರಡು, ಚೂರು ನಿಲ್ಲತ್ತೆ, ಎರಡು. ಆಮೇಲೆ ಉದ್ದಕ್ಕೆ ನಿಲ್ಲತ್ತೆ. ನಾಲ್ಕು, ಚೂರು ನಿಲ್ಲತ್ತೆ, ಒಂದು. ಮತ್ತೆ ಉದ್ದಕ್ಕೆ. ಚೂರು ನಿಂತ್ರೆ ಒಂದೇ ಸಂಖ್ಯೆ, ಉದ್ದಕ್ಕೆ ನಿಂತ್ರೆ ಬೇರೆ ಸಂಖ್ಯೆ. ನೀನು ಇದರ ಬಾಲಾನ ಅದರ ತಲೆಗೆ ಅಂಟಿಸಿದೀಯ."

ದುಲೋ ಬೆರಳು ಮಡಚಿ ಎಣಿಸಿದ. ಇಪ್ಪತ್ತೆರಡು, ನಲವತ್ತೊಂದು. ಬೀರುವಿನ ಪಟ್ಟಿ ನೋಡಲು ಹೋಗುವಾಗ ಅವನ ಕಿವಿ ಬಿಸಿಯಾಗಿತ್ತು. ನಲವತ್ತೊಂದೆಂದರೆ ಆಕ್ಸಿಲರೇಟರಿನ ಸೆನ್ಸರು, ಇಪ್ಪತ್ತೆರಡೆಂದರೆ ಎಂಜಿನ್ನಿನ ನೀರಿನ ಬಿಸಿ ಅಳೆಯುವ ಸೆನ್ಸರು. ಅದರ ಸುದ್ದಿ ತಲುಪದಿದ್ದರೆ ಎಂಜಿನ್ನಿನ ಕಂಪ್ಯೂಟರು ಯಾವಾಗಲೂ ಚಳಿ ಎಂದುಕೊಂಡು ಪೆಟ್ರೋಲು ಸುರಿಯುತ್ತದೆ. ಹೊಗೆ ಬಾರದೆ ಇನ್ನೇನು?

ಎರಡು ಸೆನ್ಸರುಗಳ ವೈರು ಜೊತೆಯಾಗಿ ಹೋಗುವ ಕಡೆ ಅವನು ಟಾರ್ಚು ಬಿಟ್ಟ. ಆಮೇಲೆ ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಮುಖ ಬೇರೆಯಾಗಿತ್ತು.

"ಟೀಚರ್, ಬಾನೆಟ್ ಮೇಲೆ ಬೆಕ್ಕಿಗೆ ಅನ್ನ ಇಡೋರು ಯಾರು?"

"ಯಾಕೆ?"

ಅವನು ಅಂಗೈ ತೆರೆದ. ತೆಂಗಿನ ನಾರಿನ ಗೂಡು, ಅದರಲ್ಲಿ ಒಣಗಿದ ಅನ್ನದ ಅಗುಳು, ಒಂದು ಒಣಮೀನಿನ ಬಾಲ. ಇಲಿ ಎರಡು ವೈರುಗಳನ್ನು ಕಡಿದು ಹಾಕಿತ್ತು.

"ಪಾಪ, ಬೆಕ್ಕು ಹಸಿದಿರತ್ತೆ ಅಂತ..." ಎಂದರು ಟೀಚರ್, ಜೀವಮಾನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ.

"ಒಳ್ಳೆ ಬೆಕ್ಕು. ನೆಂಟರಿಗೂ ಉಳಿಸಿದೆ."

ವೈರು ಬೆಸೆದು ಟೇಪು ಸುತ್ತಿ, ಹಳೆಯ ದೂರು ಅಳಿಸಲು ಫ್ಯೂಸು ಕಿತ್ತು ಮತ್ತೆ ಹಾಕಿದ. ದೀಪ ಈಗ ನಿಲ್ಲದೆ ಒಂದೇ ಸಮ ಮಿಟುಕಿತು. ಹಾಗೆಂದರೆ ದೂರಿಲ್ಲ ಎಂದ. ಸುಮ್ಮನೆ ಬದಲಿಸಿದ ಎರಡು ಭಾಗಗಳ ದುಡ್ಡು ವಾಪಸು ಕೊಡುವ ಮಾತನ್ನು ಅವನೇ ತೆಗೆದ. ಟೀಚರ್ ಬೇಡವೆಂದು ಕೈಯಾಡಿಸಿ, ಅದರ ಬದಲು ಭಾನುವಾರ ಗಾಡಿ ನೀನೇ ಓಡಿಸು ಎಂದರು. ಬಂದರಿನ ತನಕ ಒಬ್ಬರೇ ಹೋಗಲು ಅವರಿಗೆ ಧೈರ್ಯವಿಲ್ಲ ಎಂದು ಅವನಿಗೆ ಅರ್ಥವಾಯಿತು.

ಭಾನುವಾರ ದೋಣಿಯಿಂದಿಳಿದ ಸೋರಿಂಗ್ ಕುಳ್ಳಗಿನ ಮುದುಕಿ, ಕೈಯಲ್ಲಿ ಕೊಡೆ. ತಂಗಿಯ ಮುಖ ನೋಡುವ ಮೊದಲು ಕಾರಿನ ಹಿಂದಕ್ಕೆ ಹೋಗಿ, ಬಗ್ಗಿ, ಓಡುತ್ತಿದ್ದ ಎಂಜಿನ್ನಿನ ಹೊಗೆ ಕೊಳವೆಯನ್ನೇ ನೋಡಿದಳು. ಬೆನಿಲ್ದಾ ಟೀಚರ್ ಫಲಿತಾಂಶಕ್ಕೆ ಕಾದ ಹುಡುಗಿಯಂತೆ ನಿಂತಿದ್ದರು.

"ಚೆನ್ನಾಗಿ ಇಟ್ಕೊಂಡಿದೀಯ," ಎಂದಳು ಅಕ್ಕ.

"ಹೂಂ, ಆತೆ."

ಅಷ್ಟೇ. ವಾಪಸಿನ ದಾರಿಯಲ್ಲಿ ಲೀಪಾ ಊರು ಸಿಕ್ಕಿತು. ಅಲ್ಲಿ ಲೋಮಿ ಕುಡಿಯಲು ನಿಲ್ಲಿಸಿದರು. ದಪ್ಪ ಶಾವಿಗೆಯ ಬಿಸಿ ಬಟ್ಟಲು ಬಂದಾಗ ಸೋರಿಂಗ್ ತನ್ನದರಲ್ಲಿದ್ದ ಲಿವರಿನ ತುಂಡುಗಳನ್ನೆಲ್ಲ ಒಂದೊಂದಾಗಿ ಆರಿಸಿ, ಕೇಳದೆ, ತಂಗಿಯ ಬಟ್ಟಲಿಗೆ ಹಾಕಿದಳು.

"ನಂಗೆ ಚಿಕ್ಕಂದಿನಿಂದ ಲಿವರ್ ಇಷ್ಟ," ಎಂದರು ಟೀಚರ್ ದುಲೋನ ಕಡೆ ತಿರುಗಿ. ಯಾಕೆಂದು ಅವನು ಕೇಳಿಯೇ ಇರಲಿಲ್ಲ.