ಕಾರಿನಲ್ಲಿ ಎಷ್ಟು ಜನ

ದ್ವಾರಕನಾಥನಿಗೆ ಕಾರು ಇರಲಿಲ್ಲ. ಕಾರಿಡುವ ಪರವಾನಗಿಗೇ ಕಾರಿನಷ್ಟು ದುಡ್ಡು ಸುರಿಯಬೇಕಾದ ಸಿಂಗಪುರದಲ್ಲಿ ಇದು ಬಡತನದ ಗುರುತಲ್ಲ, ಬುದ್ಧಿ ನೆಟ್ಟಗಿರುವುದರ ಗುರುತು. ಹೌಗಾಂಗಿನ ಫ್ಲ್ಯಾಟಿನಿಂದ ಜುರಾಂಗ್ ಐಲ್ಯಾಂಡಿನ ರಿಫೈನರಿಗೆ ಕಂಪನಿ ಬಸ್ಸು, ಉಳಿದ ಕಡೆಗೆಲ್ಲ ಎಂಆರ್‌ಟಿ ರೈಲು. ಇಂಥವನು, ರಿಟೈರ್ ಆದ ಮೇಲೆ ಪರ್ತ್‌ಗೆ ಹೋಗಿ ಕ್ಯಾರವಾನ್ ಒಂದನ್ನು ಕೊಂಡು, ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಆಸ್ಟ್ರೇಲಿಯಾ ಸುತ್ತುವುದೆಂದು ತೀರ್ಮಾನಿಸಿಬಿಟ್ಟಿದ್ದ. ಕ್ಯಾರವಾನನ್ನು ಆರಿಸಿಯೂ ಆಗಿತ್ತು. ಒಳಗೆ ಒಲೆ, ಮಂಚ, ಕಿಟಕಿಗಳಿಗೆ ಪರದೆ. ಆರಿಸಲಾಗದೆ ಉಳಿದದ್ದು ಅದನ್ನು ಎಳೆಯುವ ಕಾರು.

“ಸಾರ್, ಒಂದು ಸೈಕಲ್ಲೂ ಇಟ್ಕೊಂಡಿಲ್ಲ ನೀವು. ಡೈರೆಕ್ಟಾಗಿ ಮನೇನೇ ಎಳ್ಕೊಂಡು ಹೋಗ್ತೀನಿ ಅಂತೀರಲ್ಲ!” ಎಂದು ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ಯೋಗೇಶ ದಿನವೂ ಕಾಡುತ್ತಿದ್ದ. ಅದೇ ರಿಫೈನರಿಯ ಮೇಂಟೆನೆನ್ಸ್ ವಿಭಾಗದವನು. ಬಾಯಿ ಮುಚ್ಚಿಕೊಂಡಿದ್ದರೆ ಹುಷಾರಿಲ್ಲವೆಂದೇ ಜನ ತಿಳಿಯುತ್ತಿದ್ದರು.

“ಲೈಸೆನ್ಸ್ ಇದೆ ಕಣಪ್ಪ.”

“ಲೈಸೆನ್ಸ್ ನಮ್ಮತ್ತೆಗೂ ಇದೆ ಸಾರ್. ಯಾವ ಕಾರು, ಅದು ಹೇಳಿ.”

“ಎರಡು ನೋಡಿಟ್ಟಿದೀನಿ. ಒಂದು ಚಿಕ್ಕದು, ಒಂದು ದೊಡ್ಡ ಡೀಸೆಲ್ಲು. ಇನ್ನೂ ಒಂದು ನಂಬರ್ ಸಿಗಬೇಕು, ಸಿಕ್ಕಿದ್ರೆ ಫೈನಲ್.”

“ಯಾರ ನಂಬರು ಸಾರ್?” ಎಂದು ಯೋಗೇಶ ಕಣ್ಣು ಮಿಟುಕಿಸಿದ. ದ್ವಾರಕನಾಥ ಕಿಟಕಿಯಾಚೆಯ ಟ್ಯಾಂಕುಗಳನ್ನು ನೋಡತೊಡಗಿದ.

ವಿಷಯ ಇಷ್ಟೇ. ಕಾರು ಹೊರಬಹುದಾದ ತೂಕಕ್ಕೆ ಒಂದು ಮಿತಿಯಿದೆ. ಕ್ಯಾರವಾನಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಒರಗಿದಾಗ ಆ ಭಾರವೂ ಅದೇ ಮಿತಿಯೊಳಗೇ ಸೇರುತ್ತದೆ. ಉಳಿದದ್ದರಲ್ಲಿ ಸಾಮಾನು ಮತ್ತು ಮನುಷ್ಯರು. ಲೆಕ್ಕ ತಪ್ಪಿದರೆ ಇಳಿಜಾರಿನಲ್ಲಿ ಹಿಂದಿನ ಬಂಡಿ ಮುಂದಿನ ಎತ್ತನ್ನೇ ಅತ್ತಿತ್ತ ಒಗೆದಾಡುತ್ತದೆ. ಕಾರಿನಲ್ಲಿ ಒಬ್ಬನೇ ಇದ್ದರೆ ಚಿಕ್ಕದು ಧಾರಾಳವಾಗಿ ಸಾಕು. ಇಬ್ಬರಾದರೆ ದೊಡ್ಡದೇ ಬೇಕು. ಒಬ್ಬನೋ ಇಬ್ಬರೋ ಎಂಬುದು ಊರಿನ ಇನ್ನೊಂದು ಬಡಾವಣೆಯಾದ ಬೆಡೋಕಿನಲ್ಲಿ ತೀರ್ಮಾನವಾಗಬೇಕಿತ್ತು.

ಬೆಡೋಕಿನಲ್ಲಿ ಅರುಂಧತಿ ಇದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಹೇಳುವವಳು, ಗಂಡ ತೀರಿಕೊಂಡು ಬಹಳ ವರ್ಷವಾದವಳು. ದ್ವಾರಕನಾಥನ ಮದುವೆಯೂ ಅದೇ ಕಾಲಕ್ಕೆ ಮುರಿದಿತ್ತು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಇಬ್ಬರನ್ನೂ, ಒಂಟಿ ಮನುಷ್ಯರನ್ನು ಕೂರಿಸುವ ಮೂಲೆಯಲ್ಲಿ ಅಕ್ಕಪಕ್ಕ ಕೂರಿಸಿದ್ದರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಬೆಡೋಕಿನ ಹಾಕರ್ ಸೆಂಟರಿನಲ್ಲಿ, ಒಂದೇ ಸೂರಿನಡಿಯ ತಿಂಡಿ ಅಂಗಡಿಗಳ ಸಾಲಿನಲ್ಲಿ, ತಿಂಡಿ: ತೆಂಗಿನತುರಿ, ಬೆಲ್ಲ ಹಾಕಿದ ಒತ್ತುಶ್ಯಾವಿಗೆ, ಆಮೇಲೆ ಕಾಫಿ. ಇಬ್ಬರೂ ಒಬ್ಬರಿಗೊಬ್ಬರು ಇವತ್ತಿಗೂ ‘ನೀವು’. ಹೊಟ್ಟೆ ತುಂಬಿದ ಮೇಲೆ ಅವನು ಬಸ್ಸು ಹತ್ತುವನು, ಅವಳು ತರಕಾರಿಗೆ ಹೋಗುವಳು. ವಾರದ ಉಳಿದ ದಿನಗಳಲ್ಲಿ ದ್ವಾರಕನಾಥ ಕೆಲಸಕ್ಕೆ ಬೇಡದ ಮಾತು ಆಡಿದ್ದು ಯೋಗೇಶನ ಜೊತೆ ಬಿಟ್ಟರೆ ಲಿಫ್ಟಿನಲ್ಲಿ, ಅದೂ ಮಹಡಿಯ ನಂಬರು.

ಹೋದ ತಿಂಗಳಿಂದ ಭಾನುವಾರದ ಮಾತೆಲ್ಲ ಕ್ಯಾರವಾನಿನದೇ. ಅರುಂಧತಿ ಕೇಳುತ್ತಿದ್ದಳು, ಛೇಡಿಸುತ್ತಿದ್ದಳು, ಬ್ರೇಕಿನ ಬಗ್ಗೆ ಒಳ್ಳೆಯ ಪ್ರಶ್ನೆಗಳನ್ನೂ ಎತ್ತುತ್ತಿದ್ದಳು. ಆ ಭಾನುವಾರ ಅವನು ಶ್ಯಾವಿಗೆಯ ತಟ್ಟೆಯನ್ನು ಬದಿಗೆ ಸರಿಸಿ, ಗಂಟಲು ಸರಿಮಾಡಿಕೊಂಡು ಕೇಳಿದ:

“ನಿಮ್ಮ ತೂಕ ಎಷ್ಟು?”

ಅರುಂಧತಿ ಕಾಫಿಯ ಲೋಟವನ್ನು ಕೆಳಗಿಟ್ಟಳು. “ಏನ್ರೀ ಇದು, ವಯಸ್ಸು ಕೇಳಬಾರದು ಅಂತ ಮಾತ್ರ ಹೇಳ್ಕೊಟ್ಟಿದ್ರಾ ನಿಮಗೆ ಮನೇಲಿ?”

“ಲೆಕ್ಕಕ್ಕೆ ಬೇಕಿತ್ತು. ಸೀಟಿನ ಲೋಡು.”

“ಆವರೇಜ್ ಹೆಂಗಸಿನದು ಹಾಕ್ಕೊಳ್ಳಿ.”

“ಆವರೇಜ್ ಹಾಕಿದ್ರೆ ನಮ್ಮ ಕೆಲಸದಲ್ಲಿ ಒಪ್ಪಲ್ಲ. ಆಕ್ಚುಯಲ್ ಬೇಕು.”

ಅವಳು ಮನಸಾರೆ ನಕ್ಕಳು. “ಐವತ್ತೆಂಟು. ಈ ಶ್ಯಾವಿಗೆ ಬಿಟ್ಟು.”

ದ್ವಾರಕನಾಥ ಸೇಫ್ಟಿ ಎಂಜಿನಿಯರು. ಅವನ ಕೆಲಸದಲ್ಲಿ ಒಂದು ಪದ್ಧತಿಯಿತ್ತು: ಅಂಕಿಯನ್ನು ಅದು ಯಾರದೋ ಅವರ ಬಾಯಿಂದಲೇ ಪಡೆಯಬೇಕು, ಅವರು ಕೊಟ್ಟರೆಂದರೆ ಯೋಜನೆಗೆ ಅವರ ಒಪ್ಪಿಗೆ ಇದೆ ಎಂದೇ ಅರ್ಥ. ಬೇರೆ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಪದ್ಧತಿಯಿಂದ ರಿಫೈನರಿ ಇಷ್ಟು ವರ್ಷ ಒಂದು ಸಲವೂ ಹೊತ್ತಿ ಉರಿದಿರಲಿಲ್ಲ. ಹಾಗಾಗಿ ಅವನು ಬಸ್ಸಿನಲ್ಲಿ ಹೌಗಾಂಗಿನವರೆಗೂ ಒಬ್ಬನೇ ನಗುತ್ತ ಬಂದ. ಸೋಮವಾರ ಪರ್ತ್‌ನ ಡೀಲರಿಗೆ ಫೋನ್ ಮಾಡಿ, “ದೊಡ್ಡದು. ನಾವು ಇಬ್ಬರು,” ಎಂದು ಹೇಳಿದ. ಹೇಳಿ ಮುಗಿಸಿದ ಮೇಲೂ ಆ ಕೊನೆಯ ಎರಡು ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ.

ಮುಂದಿನ ಭಾನುವಾರ ಸುದ್ದಿ ಕೊಟ್ಟ. “ದೊಡ್ಡದು ಫೈನಲ್ ಮಾಡ್ದೆ.”

“ದೊಡ್ಡದಾ? ಒಬ್ಬರಿಗೆ ಚಿಕ್ಕದು ಸಾಕು ಅಂತಿದ್ರಿ?”

“ಒಬ್ಬರಿಗಾದ್ರೆ ಸಾಕು.”

ಅರುಂಧತಿ ಬೆರಳಿಗೆ ಅಂಟಿದ ಬೆಲ್ಲವನ್ನು ಒರೆಸಿಕೊಂಡಳು. ಅಂಕಿಗಳ ನಡುವೆ ಬದುಕಿದವಳು. ಐವತ್ತೆಂಟು ಎಲ್ಲಿ ಹೋಗಿ ಕೂತಿದೆಯೆಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ದ್ವಾರಕನಾಥ್, ತೂಕ ಕೇಳಿದ್ರಿ, ಹೇಳ್ದೆ. ನನ್ನ ಜೊತೆ ಬರ್ತೀರಾ ಅಂತ ಯಾವತ್ತು ಕೇಳಿದ್ರಿ?”

ಅವನು ನೆನಪು ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಕೊಕ್ಕೆಯ ಬಗ್ಗೆ ಹೇಳಿದ್ದ, ಟೈರಿನ ಗಾಳಿಯ ಬಗ್ಗೆ ಹೇಳಿದ್ದ, ಮರುಭೂಮಿಯಲ್ಲಿ ಎಲ್ಲೆಲ್ಲಿ ನೀರು ಸಿಗುತ್ತದೆಂದೂ ಹೇಳಿದ್ದ. ಇದೊಂದನ್ನು ಹೇಳಿರಲಿಲ್ಲ.

“ಈಗ ಕೇಳಬಹುದಾ?”

“ಕೇಳಿ.”

“ಬರ್ತೀರಾ?”

ಪಕ್ಕದ ಮೇಜಿನಲ್ಲಿ ಯಾರೋ ಕುರ್ಚಿ ಎಳೆದರು. ಅರುಂಧತಿ ಆ ಸದ್ದು ನಿಲ್ಲುವವರೆಗೆ ಕಾದು, “ಇಲ್ಲ,” ಎಂದಳು.

ಅದರಲ್ಲಿ ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳೇ ಮುಂದುವರಿಸಿದಳು: “ನಿಮ್ಮ ಜೊತೆ ತಿಂಡಿ ಯಾಕೆ ಚೆನ್ನಾಗಿರುತ್ತೆ ಗೊತ್ತಾ? ತಿಂದಾದ್ಮೇಲೆ ನೀವು ನಿಮ್ಮ ಬಸ್ ಹತ್ತುತ್ತೀರಿ, ನಾನು ಮನೆಗೆ ಹೋಗಿ ಬಾಗಿಲು ಹಾಕ್ಕೋತೀನಿ. ಒಬ್ಳೇ ಇರೋದನ್ನ ತುಂಬಾ ಕಷ್ಟಪಟ್ಟು ಕಲ್ತಿದೀನಿ ರೀ. ಅಳ್ತಾ ಅಳ್ತಾ ಕಲ್ತಿದ್ದು. ಈಗ ಮರೆತುಬಿಟ್ರೆ, ಇನ್ನೊಂದ್ಸಲ ಕಲಿಯೋಕೆ ವಯಸ್ಸಿಲ್ಲ.”

“ಸರಿ,” ಎಂದ ದ್ವಾರಕನಾಥ. ಇನ್ನೂ ಏನಾದರೂ ಹೇಳಬೇಕೆನಿಸಿ, “ನನಗೆ ಅದು ಸರಿಯಾಗಿ ಬರ್ಲಿಲ್ಲ. ಕಲಿಯೋದು,” ಎಂದ.

“ಗೊತ್ತು,” ಎಂದಳು ಅವಳು ಮೆತ್ತಗೆ. ಆಮೇಲೆ ತಾನೇ ಎದ್ದು ಹೋಗಿ ಇನ್ನೊಂದು ಕಾಫಿ ತಂದು ಅವನ ಮುಂದಿಟ್ಟಳು. ಇಬ್ಬರೂ ಬದನೆಕಾಯಿ ಈಚೆಗೆ ಕಹಿ ಬರುತ್ತಿರುವುದರ ಬಗ್ಗೆ ಮಾತಾಡಿದರು.

ಸೋಮವಾರ ಸಂಜೆ, ಮರಳುವ ಕಂಪನಿ ಬಸ್ಸಿನಲ್ಲಿ, ಪರ್ತ್‌ನ ಡೀಲರೇ ಫೋನ್ ಮಾಡಿದ. ದೊಡ್ಡ ಕಾರಿನ ಕಾಗದಪತ್ರ ತಯಾರಿದೆ ಎಂದ. ಒಂದು ನಿಮಿಷ, ಅದು ಬೇಡ, ಚಿಕ್ಕದೇ ಸಾಕು ಎಂದ ದ್ವಾರಕನಾಥ. ಡೀಲರು ಉತ್ಸಾಹಿ, ಅವನ ದನಿ ಫೋನಿನಿಂದ ಹೊರಚೆಲ್ಲಿ ಪಕ್ಕದ ಸೀಟಿಗೂ ಕೇಳುತ್ತಿತ್ತು. ಇಬ್ಬರು ಅಂದಿರಲ್ಲ, ನಿಮ್ಮ ಹೆಂಡತಿ ಬರುವುದಿಲ್ಲವೇ ಎಂದು ಅವನು ಕೇಳಿದ.

ಇಡೀ ವೃತ್ತಿಜೀವನದಲ್ಲಿ ಒಂದು ತಪ್ಪು ಅಂಕಿಯನ್ನೂ ಮುಂದಕ್ಕೆ ಬಿಡದ ದ್ವಾರಕನಾಥ, “ಅವಳಿಗೆ ಇಲ್ಲಿ ಕೆಲಸ ಇದೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಡೀಲರು ನಕ್ಕ. ನೀವು ಮೊದಲು ಹೋಗಿ ಒಳ್ಳೊಳ್ಳೆಯ ಜಾಗ ನೋಡಿಡಿ, ಫೋಟೋ ಕಳಿಸಿದರೆ ವಿಮಾನ ಹತ್ತಿ ಬಂದೇ ಬರುತ್ತಾರೆ ಎಂದು ಧೈರ್ಯ ತುಂಬಿದ.

“ಬರಬಹುದು,” ಎಂದು ದ್ವಾರಕನಾಥ ಫೋನ್ ಇಟ್ಟ.

ಯೋಗೇಶ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಾರ್‌ಗೆ ಹೆಂಡತಿಯಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ಆಡಿಕೊಳ್ಳುವಷ್ಟು ಸರಕು ಕೈಗೆ ಬಂದು ಬಿದ್ದಿತ್ತು. ದ್ವಾರಕನಾಥ ಮುಂದಿನ ಸೀಟಿನ ಬೆನ್ನನ್ನು ನೋಡುತ್ತ ಕಾದ. ಬಸ್ಸು ಸೇತುವೆ ದಾಟಿತು. ಯೋಗೇಶ ಬಾಯಿ ತೆರೆಯಲಿಲ್ಲ. ಆ ಮೌನ ದ್ವಾರಕನಾಥನಿಗೆ ಎಲ್ಲ ಗೇಲಿಗಿಂತ ಕಷ್ಟವಾಯಿತು.

ಬಹಳ ಹೊತ್ತಾದ ಮೇಲೆ ಯೋಗೇಶ, ರಸ್ತೆಯ ಕಡೆಗೇ ಮುಖ ಮಾಡಿಕೊಂಡು, “ಚಿಕ್ಕದ್ರಲ್ಲಿ ಎಸಿ ಚೆನ್ನಾಗಿರುತ್ತಾ ಸಾರ್?” ಎಂದು ಕೇಳಿದ.

“ಚೆನ್ನಾಗಿರುತ್ತಂತೆ,” ಎಂದ ದ್ವಾರಕನಾಥ.